ಅಂಗಳಕ್ಕೆ ಇಳಿದು ಬಂದ ಶಾಲೆ

ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ನಮ್ಮ ವಿದ್ಯಾಸಂಸ್ಥೆಗಳ ಇತಿಹಾಸವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಾಗ ನಾನು ಹಿಂಜರಿದೆನು. ಪ್ರಾಥಮಿಕ ಮತ್ತು ಪ್ರೌಢಶಾಲೆಗಳ ವಿಷಯವನ್ನು, ಅಲ್ಲಿಯೇ ತಮ್ಮ ಆಯುಷ್ಯವನ್ನು ಸವೆಸಿದ ನಿವೃತ್ತ ಮುಖ್ಯೋಪಾಧ್ಯಾಯರು ಬೇರೊಂದು ಪುಟದಲ್ಲಿ ಬರೆದಿದ್ದಾರೆ. ಅವರಿಗೆ ತಿಳಿದಷ್ಟು, ಇಲ್ಲಿಗೆ ಬಂದು ನಾಲ್ಕೇ ವರ್ಷಗಳಾದ ನನಗೆ ತಿಳಿಯದು. ಆದರೆ ಇಗರ್ಜಿಯ ತೆಂಕಣ ಜಗಲಿಯಲ್ಲಿ ನಡೆಯುತ್ತಿರುವ ನಮ್ಮ ಪುಟ್ಟ ಬಾಲವಾಡಿಯ ಬಗ್ಗೆ ಬರೆಯಲು ಯಾರೂ ಮುಂದೆ ಬಂದಿರಲಿಲ್ಲ. ಅದಕ್ಕೆ ಶಿಲಾನ್ಯಾಸವಾಗಿಲ್ಲ, ಉದ್ಘಾಟನೆಯ ಫಲಕವಿಲ್ಲ, ಹಳೆಯ ವಿದ್ಯಾರ್ಥಿಗಳ ಸಂಘವಿಲ್ಲ. ಮೂರರಿಂದ ಆರು ವರ್ಷದ ಮಕ್ಕಳು ಬರುತ್ತಾರೆ, ಆಡುತ್ತಾರೆ, ಉಣ್ಣುತ್ತಾರೆ, ಮಲಗುತ್ತಾರೆ, ಮನೆಗೆ ಹೋಗುತ್ತಾರೆ. ಇಂತಹ ಒಂದು ಸಂಸ್ಥೆಯ ಇತಿಹಾಸವನ್ನು ಬರೆಯಬೇಕಾದರೆ ಅದರ ಹಿಂದಿರುವ ವಿಚಾರದ ಇತಿಹಾಸವನ್ನೇ ಬರೆಯಬೇಕು.

ಇದಕ್ಕೆ ಇನ್ನೊಂದು ಕಾರಣವೂ ಉಂಟು. ಶತಮಾನೋತ್ಸವದ ಯೋಜನೆಗಳನ್ನು ಕುರಿತು ಕಳೆದ ವರ್ಷ ನಡೆದ ಸಭೆಗಳಲ್ಲಿ, ಈ ಬಾಲವಾಡಿಯನ್ನು ನಿಲ್ಲಿಸಿ ಅದರ ಸ್ಥಾನದಲ್ಲಿ ಇಂಗ್ಲಿಷ್ ಮಾಧ್ಯಮದ ಎಲ್.ಕೆ.ಜಿ., ಯು.ಕೆ.ಜಿ. ತರಗತಿಗಳನ್ನು ತೆರೆಯಬೇಕೆಂಬ ಸಲಹೆ ಬಂದಿತು. ಸೇರಿಸಿಕೊಳ್ಳುವ ಮೊದಲು ಮಗುವನ್ನೂ ತಂದೆತಾಯಿಗಳನ್ನೂ ಕರೆದು ಮಾತನಾಡಿಸಿ ನೋಡಬೇಕು, ಮಕ್ಕಳ ಮಟ್ಟ ಒಂದೇ ಆಗಿರದಿದ್ದರೆ ಶಿಕ್ಷಕಿಗೆ ಕಷ್ಟ, ಮುಂದಿರುವ ಮಗುವಿಗೆ ನಷ್ಟ ಎಂಬುದು ಸಲಹೆ ನೀಡಿದವರ ಅಭಿಪ್ರಾಯ. ಅವರು ಸದುದ್ದೇಶದಿಂದಲೇ ಹೇಳಿದರು. ಅವರಲ್ಲಿ ನನ್ನ ಆತ್ಮೀಯರೂ ಇದ್ದಾರೆ. ಈಗ ಆ ಜಗಲಿಯಲ್ಲಿ ಕೊಂಕಣಿ, ತುಳು, ಬ್ಯಾರಿ ಮಾತನಾಡುವ ಮಕ್ಕಳ ಜೊತೆಗೆ, ಕಟ್ಟಡದ ಕೆಲಸಕ್ಕೆಂದು ಬಂದಿರುವ ಬಾಗಲಕೋಟೆ, ಕೊಪ್ಪಳದ ಕಡೆಯವರ ಮಕ್ಕಳೂ ಒಡಿಶಾದವರ ಮಕ್ಕಳೂ ಇದ್ದಾರೆ. ಕಿವಿ ಕೇಳಿಸದ ಒಂದು ಮಗುವೂ ಇದೆ. ಇಷ್ಟು ಬಗೆಯ ಮಕ್ಕಳನ್ನು ಒಂದೆಡೆ ಕೂಡಿಸುವುದು ಬಡತನದ ಅನಿವಾರ್ಯತೆಯೇ ಹೊರತು ಶಿಕ್ಷಣವಲ್ಲ ಎಂದು ಬಗೆಯುವವರ ಮುಂದೆ ವಾದಕ್ಕಿಂತ ಇತಿಹಾಸವನ್ನಿಡುವುದೇ ಲೇಸು.

ಎಳೆಯ ಮಕ್ಕಳನ್ನೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುವ ಯತ್ನ ಹೊಸದೇನೂ ಅಲ್ಲ. 1820ರ ದಶಕದ ಇಂಗ್ಲೆಂಡಿನಲ್ಲಿ ಸ್ಯಾಮ್ಯುಯೆಲ್ ವಿಲ್ಡರ್‌ಸ್ಪಿನ್ ಎಂಬಾತನು ಶಿಶುಶಾಲೆಗಳನ್ನು ಹರಡಿದನು. ಅವನ ಶಾಲೆಯ ಮುಖ್ಯ ಅಂಗವೆಂದರೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಗ್ಯಾಲರಿ. ಅದರ ಮೇಲೆ ಮಕ್ಕಳನ್ನು ಸಾಲುಸಾಲಾಗಿ ಕೂಡಿಸಿ ಕೆಳಗೆ ನಿಂತ ಶಿಕ್ಷಕನು ಹೇಳಿದ್ದನ್ನು ಎಲ್ಲರೂ ಒಟ್ಟಿಗೆ ಹೇಳುವಂತೆ ಮಾಡುತ್ತಿದ್ದರು. ಬೀದಿಯಲ್ಲಿ ಅಲೆಯುತ್ತಿದ್ದ ಕಾರ್ಮಿಕರ ಮಕ್ಕಳಿಗೆ ನೆರಳು ದೊರಕಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಆ ಗ್ಯಾಲರಿಯಲ್ಲಿ ಕುಳಿತ ಮಗು ಯಾವುದೆಂದು ಕೇಳುವವರಿರಲಿಲ್ಲ. ಇದಕ್ಕೆ ಪ್ರತಿಯಾಗಿ ಜರ್ಮನಿಯ ಫ್ರೋಬೆಲನು 1840ರಲ್ಲಿ ತನ್ನ ಶಿಶುಶಾಲೆಗೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ ಎಂಬ ಹೆಸರಿಟ್ಟನು. ನಮ್ಮ ಬಾಲವಾಡಿ ಎಂಬ ಪದವೂ ಅದೇ ಅರ್ಥದ್ದು. ಮರಾಠಿ, ಗುಜರಾತಿಗಳಲ್ಲಿ ವಾಡಿ ಎಂದರೆ ತೋಟ. ತೋಟದಲ್ಲಿ ಅಡಿಕೆಗೂ ವೀಳ್ಯದ ಬಳ್ಳಿಗೂ ಒಂದೇ ಆರೈಕೆ ಮಾಡುವ ರೈತನನ್ನು ನಾನು ಕಂಡಿಲ್ಲ.

ಈ ಇತಿಹಾಸದಲ್ಲಿ ನಮ್ಮವರೇ ಆದ ಒಬ್ಬ ಮಹಿಳೆಯ ಸ್ಥಾನ ದೊಡ್ಡದು. ಮರಿಯಾ ಮೊಂಟೆಸ್ಸೊರಿ 1870ರ ಆಗಸ್ಟ್ 31ರಂದು ಇಟಲಿಯ ಕ್ಯಾಥೋಲಿಕ ಕುಟುಂಬವೊಂದರಲ್ಲಿ ಜನಿಸಿದರು. 1896ರಲ್ಲಿ ರೋಮಿನಲ್ಲಿ ವೈದ್ಯಕೀಯ ಪದವಿ ಪಡೆದರು. ಇಂದು ನಮ್ಮ ಪಟ್ಟಣಗಳಲ್ಲಿ ಮೊಂಟೆಸ್ಸೊರಿ ಎಂಬುದು ನಾಮಫಲಕದ ಮೇಲಿನ ಒಂದು ಅಲಂಕಾರ. ಆ ಫಲಕವಿದ್ದಲ್ಲಿ ಶುಲ್ಕ ಹೆಚ್ಚು ಎಂಬಷ್ಟೇ ಅರ್ಥ ಉಳಿದಿದೆ. ಆದರೆ ಆ ತಾಯಿಯ ಪದ್ಧತಿ ಹುಟ್ಟಿದ್ದು ಶ್ರೀಮಂತರ ಮಕ್ಕಳ ನಡುವೆ ಅಲ್ಲವೇ ಅಲ್ಲ. ಮಂದಬುದ್ಧಿಯವರೆಂದು ಹಣೆಪಟ್ಟಿ ಕಟ್ಟಿ ಕೈಬಿಡಲಾಗಿದ್ದ ಮಕ್ಕಳಿಗಾಗಿ 1900ರಲ್ಲಿ ರೋಮಿನಲ್ಲಿ ಆರಂಭವಾದ ಶಾಲೆಯ ಹೊಣೆಯನ್ನು ಅವರು ಹೊತ್ತರು. ಇಟಾರ್ ಮತ್ತು ಸೆಗೆನ್ ಎಂಬ ಫ್ರೆಂಚ್ ವೈದ್ಯರ ಬರಹಗಳನ್ನು ಅಭ್ಯಸಿಸಿ, ಕೈಯಿಂದ ಮುಟ್ಟಿ, ಹೊಂದಿಸಿ ಕಲಿಯುವ ಸಾಧನಗಳನ್ನು ತಯಾರಿಸಿದರು. ಆ ಮಕ್ಕಳಲ್ಲಿ ಕೆಲವರು ಓದುಬರಹ ಕಲಿತು ಇತರ ಮಕ್ಕಳಂತೆಯೇ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಲೋಕವು ಅದನ್ನು ಪವಾಡವೆಂದು ಕೊಂಡಾಡುತ್ತಿದ್ದಾಗ, ಆರೋಗ್ಯವಂತರಾದ ಮಕ್ಕಳು ಸಾಮಾನ್ಯ ಶಾಲೆಗಳಲ್ಲಿ ಏಕೆ ಇಷ್ಟೊಂದು ಹಿಂದುಳಿದಿದ್ದಾರೆ ಎಂದು ಮೊಂಟೆಸ್ಸೊರಿ ಚಿಂತಿಸಿದರಂತೆ. ಕೊರತೆಯುಳ್ಳ ಮಗುವಿನಿಂದ ಕಲಿತದ್ದನ್ನು ಎಲ್ಲ ಮಕ್ಕಳಿಗೂ ಅನ್ವಯಿಸಿದ್ದೇ ಆ ಪದ್ಧತಿಯ ಮೂಲ.

1907ರ ಜನವರಿ 6ರಂದು, ಮೂವರು ರಾಯರ ಹಬ್ಬದ ದಿನ, ರೋಮಿನ ಸಾನ್ ಲೊರೆಂಝೊ ಎಂಬ ಬಡ ಬಡಾವಣೆಯಲ್ಲಿ ಅವರ ಮೊದಲ ‘ಮಕ್ಕಳ ಮನೆ’ ತೆರೆಯಿತು. ಅದರ ಹಿನ್ನೆಲೆಯೂ ಸ್ವಾರಸ್ಯಕರ. ಬಡವರಿಗಾಗಿ ದುರಸ್ತಿ ಮಾಡಿಸಿದ ವಠಾರದಲ್ಲಿ, ತಂದೆತಾಯಿಗಳು ದುಡಿಯಲು ಹೋದಾಗ, ಮಕ್ಕಳು ಹೊಸ ಗೋಡೆಗಳ ಮೇಲೆ ಗೀಚಿ ಕೆಡಿಸುತ್ತಿದ್ದರು. ಗೋಡೆಗಳನ್ನು ಉಳಿಸಿಕೊಳ್ಳಲು ಆ ಸಂಸ್ಥೆಯವರು ಮಕ್ಕಳಿಗೊಂದು ಕೋಣೆ ಕೊಟ್ಟರು! ಸುಮಾರು ಐವತ್ತು ಮಕ್ಕಳು, ವಯಸ್ಸು ಎರಡು ಮೂರರಿಂದ ಆರರವರೆಗೆ. ವಯಸ್ಸಿಗೊಂದರಂತೆ ತರಗತಿಗಳಾಗಿ ಅವರನ್ನು ವಿಂಗಡಿಸಲಿಲ್ಲ. ಸುಮಾರು ಮೂರು ವರ್ಷದ ಒಬ್ಬಳು ಹುಡುಗಿ ಮರದ ಉರುಳೆಗಳನ್ನು ಅವುಗಳ ಕುಳಿಗಳಲ್ಲಿ ಹೊಂದಿಸುತ್ತ ಕುಳಿತಿದ್ದಳು. ಸುತ್ತಲಿದ್ದ ಮಕ್ಕಳನ್ನು ಹಾಡಿಸಿದರೂ, ಅವಳನ್ನು ಕುರ್ಚಿಯ ಸಮೇತ ಎತ್ತಿ ಮೇಜಿನ ಮೇಲಿಟ್ಟರೂ, ಅವಳು ತನ್ನ ಕೆಲಸವನ್ನು ಬಿಡಲಿಲ್ಲ. ನಲವತ್ತಕ್ಕೂ ಹೆಚ್ಚು ಬಾರಿ ಮಾಡಿ, ತೃಪ್ತಳಾಗಿ, ತಾನೇ ನಿಲ್ಲಿಸಿದಳು. ಇನ್ನೊಂದು ದಿನ ಶಿಕ್ಷಕಿ ತಡವಾಗಿ ಬಂದಾಗ, ಬೀಗ ಹಾಕಲು ಮರೆತಿದ್ದ ಬೀರುವನ್ನು ಮಕ್ಕಳೇ ತೆರೆದು ತಮತಮಗೆ ಬೇಕಾದ ಸಾಧನಗಳನ್ನು ಆರಿಸಿಕೊಂಡು ಕೆಲಸಕ್ಕೆ ತೊಡಗಿದ್ದರು. ಶಿಕ್ಷಕಿಯು ಅದನ್ನು ಕಳ್ಳತನವೆಂದು ಬಗೆದಳು. ಮೊಂಟೆಸ್ಸೊರಿಯವರಿಗೆ ಅದು ಪ್ರತಿಯೊಂದು ಮಗುವಿಗೂ ತನ್ನದೇ ಆದ ಹಸಿವುಂಟೆಂಬುದರ ಸಾಕ್ಷಿಯಾಗಿ ಕಂಡಿತು. ಅಂದಿನಿಂದ ಬೀಗದ ಬೀರುಗಳು ಹೋಗಿ, ಮಕ್ಕಳ ಕೈಗೆ ಎಟಕುವ ತಗ್ಗಿನ ಬೀರುಗಳು ಬಂದವು.

1939ರ ನವೆಂಬರಿನಲ್ಲಿ ಅವರು ಮದರಾಸಿನ ಅಡ್ಯಾರಿಗೆ ಬಂದರು. ಕೆಲವು ತಿಂಗಳ ತರಬೇತಿಗೆಂದು ಬಂದವರನ್ನು ಮಹಾಯುದ್ಧವು ಇಲ್ಲಿಯೇ ಕಟ್ಟಿಹಾಕಿತು. 1940ರ ಜೂನಿನಲ್ಲಿ ಇಟಲಿಯು ಯುದ್ಧಕ್ಕಿಳಿದೊಡನೆ ಅವರ ಮಗ ಮಾರಿಯೊ ಅವರನ್ನು ಬ್ರಿಟಿಷ್ ಸರಕಾರವು ಸೆರೆಯಲ್ಲಿಟ್ಟು, ತಾಯಿಯ ಎಪ್ಪತ್ತನೆಯ ಹುಟ್ಟುಹಬ್ಬದಂದು ಬಿಡುಗಡೆ ಮಾಡಿತು. ಶೆಂಬಗನೂರಿನ ಮೂಲಕ ನಮ್ಮ ಯೇಸುಸಭೆಯ ಗುರುಗಳಿಗೆಲ್ಲ ಪರಿಚಿತವಾಗಿರುವ ಕೊಡೈಕನಾಲಿನಲ್ಲಿ ಅವರು 1942ರಿಂದ 1944ರವರೆಗೆ ನೆಲೆಸಿದಾಗ, ಯುದ್ಧದ ಕಾರಣ ಅಲ್ಲಿ ತಂಗಿದ್ದ ನಾನಾ ದೇಶದವರ ಮಕ್ಕಳೂ ಊರಿನ ಮಕ್ಕಳೂ ಒಟ್ಟಿಗೆ ಕಲಿಯುತ್ತಿದ್ದ ಶಾಲೆ ಅವರ ಕಣ್ಣೆದುರಿನಲ್ಲಿತ್ತು. ನಮ್ಮ ದೇಶದಲ್ಲಿ ಅವರಿಂದ ತರಬೇತಿ ಪಡೆದ ಶಿಕ್ಷಕರು ಸಾವಿರಕ್ಕೂ ಹೆಚ್ಚು.

ಆದರೆ ಅವರು ಬರುವುದಕ್ಕೆ ಬಹಳ ಮೊದಲೇ ಅವರ ವಿಚಾರವು ಭಾರತದ ಮಣ್ಣಿನಲ್ಲಿ ಬೇರೂರಿತ್ತು. ಗುಜರಾತಿನ ಭಾವನಗರದಲ್ಲಿ ವಕೀಲಿ ವೃತ್ತಿಯನ್ನು ತೊರೆದ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಬಾಲಮಂದಿರವನ್ನು ಸ್ಥಾಪಿಸಿದರು. ಜನರು ಪ್ರೀತಿಯಿಂದ ಅವರನ್ನು ಮೀಸೆಯ ತಾಯಿ ಎಂದು ಕರೆಯುತ್ತಿದ್ದರು. ಮೊಂಟೆಸ್ಸೊರಿ ಭಾರತಕ್ಕೆ ಬರುವ ಕೆಲವೇ ತಿಂಗಳುಗಳ ಮೊದಲು, 1939ರ ಜೂನ್ 23ರಂದು, ಅವರು ತೀರಿಕೊಂಡರು. 1923ರಲ್ಲಿ ಅವರ ಜೊತೆಗೂಡಿದವರು ತಾರಾಬಾಯಿ ಮೋಡಕ್. 1892ರಲ್ಲಿ ಮುಂಬಯಿಯಲ್ಲಿ ಜನಿಸಿ, 1914ರಲ್ಲಿ ಪದವೀಧರೆಯಾಗಿ, ರಾಜಕೋಟೆಯಲ್ಲಿ ಮಹಿಳಾ ಕಾಲೇಜಿನ ಪ್ರಾಂಶುಪಾಲರಾಗಿದ್ದ ಅವರು ಆ ಪ್ರತಿಷ್ಠೆಯ ಹುದ್ದೆಯನ್ನು ಬಿಟ್ಟು ಶಿಶುಗಳ ಬಳಿಗೆ ಬಂದರು. 1926ರಲ್ಲಿ ಇಬ್ಬರೂ ಸೇರಿ ನೂತನ ಬಾಲಶಿಕ್ಷಣ ಸಂಘವನ್ನು ಕಟ್ಟಿದರು.

ಆಗಲೂ ಒಂದು ಕೊರತೆ ಉಳಿದಿತ್ತು. ಮೊಂಟೆಸ್ಸೊರಿ ಸಾಧನಗಳು ದುಬಾರಿ, ಶಾಲೆಗಳಿದ್ದದ್ದು ನಗರಗಳಲ್ಲಿ, ಬರುತ್ತಿದ್ದವರು ಅನುಕೂಲಸ್ಥರ ಮಕ್ಕಳು. ಗಾಂಧೀಜಿಯವರು 1931ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಮೊಂಟೆಸ್ಸೊರಿಯವರ ತರಬೇತಿ ಕೇಂದ್ರಕ್ಕೆ ಹೋದಾಗ, ಈ ಶಿಕ್ಷಣವು ಬಡವರ ಮಕ್ಕಳಿಗೂ ದೊರೆಯುವಂತಾಗಲಿ ಎಂಬ ಹಾರೈಕೆಯನ್ನು ಸೂಚಿಸಿದ್ದರು. ಮುಂಬಯಿಯ ದಾದರಿನಲ್ಲಿ ಶಿಶುವಿಹಾರವನ್ನು ನಡೆಸುತ್ತಿದ್ದ ತಾರಾಬಾಯಿಯವರನ್ನು ಕೊನೆಗೂ ಹಳ್ಳಿಗೆ ಕರೆದೊಯ್ದದ್ದು ಇದೇ ಚಿಂತೆ. 1945ರಲ್ಲಿ, ತಮ್ಮ 53ನೆಯ ವಯಸ್ಸಿನಲ್ಲಿ, ಅವರು ಅಂದಿನ ಠಾಣೆ ಜಿಲ್ಲೆಯ, ಈಗಿನ ಪಾಲಘರ್ ಜಿಲ್ಲೆಯ, ಬೋರ್ಡಿ ಎಂಬ ಕಡಲತಡಿಯ ಗ್ರಾಮದಲ್ಲಿ ಗ್ರಾಮ ಬಾಲಶಿಕ್ಷಾ ಕೇಂದ್ರವನ್ನು ಆರಂಭಿಸಿದರು. ಅವರ ಜೊತೆಗೆ ಬಂದವರು ಅನುತಾಯಿ ವಾಘ್. ಹದಿಮೂರರಲ್ಲಿ ಮದುವೆಯಾಗಿ ಆರು ತಿಂಗಳೊಳಗೆ ವಿಧವೆಯಾದ ಈ ಹೆಣ್ಣುಮಗಳು ಛಲದಿಂದ ಓದಿ ಶಿಕ್ಷಕಿಯಾಗಿದ್ದರು. ಆಗ ಅವರಿಗೆ 35 ವರ್ಷ. ಅದೇ 1945ರಲ್ಲಿ ಆ ಸೀಮೆಯ ವಾರಲಿ ಆದಿವಾಸಿಗಳು ಗೋದಾವರಿ ಪರುಳೇಕರರ ನೇತೃತ್ವದಲ್ಲಿ ಜಮೀನ್ದಾರರ ಬಿಟ್ಟಿ ದುಡಿಮೆಯ ವಿರುದ್ಧ ಎದ್ದಿದ್ದರೆಂಬುದನ್ನೂ ನೆನೆಯಬೇಕು. ಎಂತಹ ಮಕ್ಕಳ ಬಳಿಗೆ ಈ ಇಬ್ಬರು ಮಹಿಳೆಯರು ಹೋದರೆಂಬುದು ಆಗ ತಿಳಿಯುತ್ತದೆ.

ಬೋರ್ಡಿಯಲ್ಲಿ ಬಾಲವಾಡಿ ತೆರೆಯಿತು. ಊರಿನ ಮಕ್ಕಳು ಬಂದರು. ದಲಿತರ ಕೇರಿಯ ಮಕ್ಕಳೂ ವಾರಲಿಗಳ ಮಕ್ಕಳೂ ಬರಲಿಲ್ಲ. ಬಾಗಿಲು ತೆರೆದೇ ಇತ್ತು, ಶುಲ್ಕವಿರಲಿಲ್ಲ, ಬರಬೇಡವೆಂದು ಯಾರೂ ಹೇಳಿರಲಿಲ್ಲ. ನಮ್ಮಂತಹ ಸಂಸ್ಥೆಗಳನ್ನು ನಡೆಸುವವರು ಸಾಮಾನ್ಯವಾಗಿ ಇಲ್ಲಿಗೇ ನಿಂತುಬಿಡುತ್ತೇವೆ. ಕರೆದೆವು, ಬರಲಿಲ್ಲ, ನಾವೇನು ಮಾಡೋಣ ಎನ್ನುತ್ತೇವೆ. ತಾರಾಬಾಯಿಯವರು ನಿಲ್ಲಲಿಲ್ಲ. ಮೇಲುಜಾತಿಯವರ ಮಕ್ಕಳ ನಡುವೆ ಬಂದು ಕೂಡಲು ಆ ಮಕ್ಕಳಿಗಿದ್ದ ಅಳುಕನ್ನು ಅವರು ಅರಿತುಕೊಂಡರು. ಮಗುವು ಶಾಲೆಗೆ ಬಾರದಿದ್ದರೆ ಶಾಲೆಯೇ ಮಗುವಿನ ಬಳಿಗೆ ಹೋಗಲಿ ಎಂದು, ಶಿಕ್ಷಕಿಯರು ಒಂದಿಷ್ಟು ಸಾಮಾನುಗಳನ್ನು ಹೊತ್ತುಕೊಂಡು ಕೇರಿಗೇ ಹೋದರು. ಯಾರದೋ ಮನೆಯ ಮುಂದಿನ ಅಂಗಳವನ್ನು ಗುಡಿಸಿದರು. ಮಕ್ಕಳ ಮುಖ ತೊಳೆದು, ತಲೆ ಬಾಚಿ, ಉಗುರು ಕತ್ತರಿಸಿ, ಹಾಡು ಹೇಳಿಕೊಟ್ಟರು. ತಾಯಂದಿರು ಬಾಗಿಲಲ್ಲಿ ನಿಂತು ನೋಡಿದರು. ಅಂಗಳದಲ್ಲಿ ನಡೆದ ಆ ಬಾಲವಾಡಿಗೆ ಅಂಗನವಾಡಿ ಎಂದು ಹೆಸರಾಯಿತು. ಇಂದು ನಮ್ಮ ಪ್ರತಿ ಗ್ರಾಮದಲ್ಲಿಯೂ ಕೇಳಿಬರುವ ಈ ಮಾತು ಸರಕಾರಿ ಕಡತದಲ್ಲಿ ಹುಟ್ಟಿದ್ದೆಂದೇ ನಾನು ಬಹುಕಾಲ ತಿಳಿದಿದ್ದೆನು.

ಅಂಗಳಕ್ಕೆ ಹೋದ ಮೇಲೆ ಶಾಲೆಯ ಒಳಗಿನದೂ ಬದಲಾಗಲೇಬೇಕಾಯಿತು. ಇಟಲಿಯ ನುಣುಪಾದ ಮರದ ಸಾಧನಗಳ ಬದಲು ಬೆಣಚುಕಲ್ಲು, ಚಿಪ್ಪು, ಎಲೆ, ಹೂವು, ಬೀಜ, ಕಡ್ಡಿಗಳು ಬಂದವು. ದೊಡ್ಡದು ಚಿಕ್ಕದು, ಒರಟು ನುಣುಪು, ಎಣಿಕೆ, ಬಣ್ಣ, ಇವೆಲ್ಲವನ್ನೂ ಇವುಗಳಿಂದಲೇ ಕಲಿಸಬಹುದೆಂದು ಅವರು ತೋರಿಸಿಕೊಟ್ಟರು. ಇದರಿಂದ ಖರ್ಚು ಉಳಿಯಿತೆಂಬುದು ಸಣ್ಣ ವಿಷಯ. ಕಾಡಿನ ಅಂಚಿನಲ್ಲಿ ಬೆಳೆದ ಮಗುವು ಎಲೆ ಬೀಜಗಳ ವಿಷಯದಲ್ಲಿ ಶಿಕ್ಷಕಿಗಿಂತ ಬಲ್ಲಿದ. ತನಗೆ ಗೊತ್ತಿರುವುದನ್ನೇ ಶಾಲೆಯೂ ಕೈಗೆತ್ತಿಕೊಂಡಾಗ ಆ ಮಗುವು ಮೊದಲ ದಿನವೇ ದಡ್ಡನೆನಿಸಿಕೊಳ್ಳುವ ಸಂಕಟದಿಂದ ಪಾರಾಯಿತು.

ಸುಮಾರು 1957ರಲ್ಲಿ ಅವರು ಬೋರ್ಡಿಯನ್ನು ಬಿಟ್ಟು ವಾರಲಿಗಳ ನಡುವೆ ಕೋಸಬಾಡದ ಗುಡ್ಡಕ್ಕೆ ಹೋದರು. ಅಲ್ಲಿ ಹೊಸದೊಂದು ತೊಡಕು ಎದುರಾಯಿತು. ಆರೇಳು ವರ್ಷದ ಹುಡುಗಿಯರು ಶಾಲೆಗೆ ಬರುತ್ತಿರಲಿಲ್ಲ. ಅವರ ಸೊಂಟದ ಮೇಲೆ ತಮ್ಮನೋ ತಂಗಿಯೋ ಇರುತ್ತಿತ್ತು. ಹುಡುಗರು ದನಗಳ ಹಿಂದೆ ಹೋಗುತ್ತಿದ್ದರು. ಆದಕಾರಣ ಕೂಸುಗಳ ಪಾಲನೆಯ ಮನೆ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಆವರಣದಲ್ಲಿ ಕೂಡಿಸಿ ಅದಕ್ಕೆ ವಿಕಾಸವಾಡಿ ಎಂದು ಹೆಸರಿಟ್ಟರು. ಅಕ್ಕನು ಬರುವಾಗ ಕೂಸನ್ನೂ ತರಲಿ, ಕೂಸಿಗೆ ತೊಟ್ಟಿಲು, ನಡುವಿನದಕ್ಕೆ ಬಾಲವಾಡಿ, ಅಕ್ಕನಿಗೆ ಪಾಠ. ದನ ಕಾಯುವ ಹುಡುಗರಿಗಾಗಿ ಹುಲ್ಲುಗಾವಲಿನಲ್ಲಿಯೇ ಶಾಲೆ ನಡೆಸಿದರು. ಕುರಣಶಾಲೆ ಎಂದು ಅದರ ಹೆಸರು, ಕುರಣ ಎಂದರೆ ಹುಲ್ಲುಗಾವಲು. ಮನೆಯಲ್ಲಿ ಆಡುವ ಮಾತು ಬೇರೆ, ಪುಸ್ತಕದ ಮರಾಠಿ ಬೇರೆಯಾಗಿದ್ದ ಆ ಮಕ್ಕಳನ್ನು ಅವರ ಹಾಡು ಕಥೆಗಳ ಮೂಲಕವೇ ಹತ್ತಿರಕ್ಕೆ ಕರೆದರು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳದೆ ಮುಂದೆ ಹೋಗಲಾರೆನು. ಗುರುದೀಕ್ಷೆ ಪಡೆದ ಕೆಲವೇ ವರ್ಷಗಳಲ್ಲಿ, 1992ರಲ್ಲಿ, ನಾನು ಮಲೆನಾಡಿನ ಕಾಫಿ ತೋಟಗಳ ನಡುವಿನ ಒಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆನು. ಅಲ್ಲಿಯ ಬಾಲವಾಡಿಯ ಮೇಲ್ವಿಚಾರಣೆ ನನ್ನದಾಗಿತ್ತು. ಸೆಮಿನರಿಯ ಗಂಟೆಗೆ ಒಗ್ಗಿಹೋಗಿದ್ದ ನನಗೆ ನಿಯಮವೆಂದರೆ ನಿಯಮ. ಮೂರು ತುಂಬಿರಬೇಕು, ಆರು ದಾಟಿರಬಾರದು, ಒಂಬತ್ತೂವರೆಗೆ ಒಳಗಿರಬೇಕು. ತೋಟದ ಲೈನುಮನೆಗಳಿಂದ ಐದು ತುಂಬಿದ ಒಬ್ಬಳು ಹುಡುಗಿ ಬರುತ್ತಿದ್ದಳು, ಮನೆಮಾತು ತಮಿಳು. ಬಹಳ ಚುರುಕು, ಒಮ್ಮೆ ಕೇಳಿದ ಹಾಡನ್ನು ಮರೆಯುತ್ತಿರಲಿಲ್ಲ. ಕಾಫಿ ಕುಯ್ಲು ಶುರುವಾದ ವಾರ ಅವಳು ಎಂಟು ತಿಂಗಳ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಕೂಸು ಅತ್ತಿತು, ಇತರ ಮಕ್ಕಳು ಗಲಿಬಿಲಿಗೊಂಡವು. “ಕೂಸನ್ನು ಮನೆಯಲ್ಲಿ ಬಿಟ್ಟು ಬಾ ಮಗು” ಎಂದೆನು. “ಮನೇಲಿ ಯಾರೂ ಇಲ್ಲ ಸಾಮಿ” ಎಂದಳು. “ಹಾಗಾದರೆ ಕುಯ್ಲು ಮುಗಿದ ಮೇಲೆ ಬಾ” ಎಂದೆನು. ಅಲ್ಲಿದ್ದ ಧರ್ಮಭಗಿನಿಯೊಬ್ಬರು ಏನನ್ನೋ ಹೇಳಲು ಬಂದು ಸುಮ್ಮನಾದರು. ಹುಡುಗಿ ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಹೋದಳು. ಕುಯ್ಲು ಮುಗಿದಾಗ ಆ ಕುಟುಂಬವು ಬೇರೆ ತೋಟಕ್ಕೆ ಹೋಗಿಯಾಗಿತ್ತು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಕೆಂಪು ಶಾಯಿಯಿಂದ ಗೆರೆ ಎಳೆದವನು ನಾನೇ.

ಹಲವು ವರ್ಷಗಳ ನಂತರ ಶಾಲಾ ಸಂಚಾಲಕರ ಒಂದು ಶಿಬಿರದಲ್ಲಿ ಕೋಸಬಾಡದ ಕಥೆಯನ್ನು ಮೊದಲ ಬಾರಿಗೆ ಕೇಳಿದೆನು. ಭಾಷಣಕಾರರು ವಿಕಾಸವಾಡಿಯ ತೊಟ್ಟಿಲುಗಳ ವಿಷಯಕ್ಕೆ ಬಂದಾಗ ನನಗೆ ಆ ಗೆರೆಯ ನೆನಪಾಯಿತು. ನನ್ನಂತಹ ಯುವಕನೊಬ್ಬನು ಮಲೆನಾಡಿನಲ್ಲಿ ಸಮಸ್ಯೆಯೆಂದು ಬಗೆದು ಹಿಂದಕ್ಕೆ ಕಳುಹಿಸಿದ್ದನ್ನು, ಅದಕ್ಕೂ ಮೂರು ದಶಕಗಳ ಹಿಂದೆಯೇ ಇಬ್ಬರು ಮಹಿಳೆಯರು ಶಾಲೆಯ ನಕ್ಷೆಯನ್ನೇ ಬದಲಿಸಿ ಬಗೆಹರಿಸಿದ್ದರು.

ತಾರಾಬಾಯಿಯವರಿಗೆ 1962ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದಿತು; 1973ರಲ್ಲಿ ಅವರು ನಿಧನರಾದರು. ಅನುತಾಯಿಯವರು 1992ರಲ್ಲಿ ಕಣ್ಮುಚ್ಚುವವರೆಗೂ ಆ ಕಾರ್ಯವನ್ನು ಬಿಡಲಿಲ್ಲ. ತಾರಾಬಾಯಿ ತೀರಿಕೊಂಡ ಎರಡು ವರ್ಷಗಳಿಗೆ, 1975ರ ಅಕ್ಟೋಬರ್ 2ರಂದು, ಕೇಂದ್ರ ಸರಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆಗಳಲ್ಲಿ ಪ್ರಾಯೋಗಿಕವಾಗಿ ಆರಂಭಿಸಿತು. ನಮ್ಮ ರಾಜ್ಯದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಆ ಯೋಜನೆಯ ಶಿಶುಕೇಂದ್ರಗಳಿಗೆ ಅಂಗನವಾಡಿ ಎಂಬ ಹೆಸರನ್ನೇ ಇಟ್ಟರು. ಇಂದು ದೇಶದಲ್ಲಿ ಸುಮಾರು 14 ಲಕ್ಷ ಅಂಗನವಾಡಿಗಳಿವೆ. ಹೆಸರಿನ ಜೊತೆಗೆ ಅಂಗಳದ ಗುಣವೂ ಬಂದಿತೇ ಎಂದು ಕೇಳಿದರೆ, ಕೆಲವೆಡೆ ಬಂದಿದೆ, ಹಲವೆಡೆ ಇಲ್ಲ ಎನ್ನಬೇಕಾಗುತ್ತದೆ. ಅಲ್ಪ ಗೌರವಧನಕ್ಕೆ ದುಡಿಯುವ ಕಾರ್ಯಕರ್ತೆಗೆ ಅಡುಗೆ, ತೂಕ, ದಾಖಲೆ, ಸಮೀಕ್ಷೆಗಳಲ್ಲಿಯೇ ದಿನ ಕಳೆದುಹೋಗುತ್ತದೆ. ದೋಷ ಅವಳದಲ್ಲ. ಆದರೂ 2023ರ ನವೆಂಬರಿನಲ್ಲಿ ಅಂಗವೈಕಲ್ಯವುಳ್ಳ ಮಕ್ಕಳನ್ನು ಅಂಗನವಾಡಿಯಲ್ಲಿಯೇ ಗುರುತಿಸಿ ಒಳಗೊಳ್ಳಲು ಕೇಂದ್ರ ಸರಕಾರವು ಮಾರ್ಗಸೂಚಿಯನ್ನು ಹೊರಡಿಸಿದ್ದು ಸಮಾಧಾನದ ಸಂಗತಿ.

ಮಾತಿನ ವಿಷಯದಲ್ಲಿ ನಮ್ಮ ಕರಾವಳಿಯವರಿಗೆ ಯಾರೂ ಹೆಚ್ಚು ಹೇಳಬೇಕಾಗಿಲ್ಲ. ಮನೆಯಲ್ಲಿ ಕೊಂಕಣಿ, ಗದ್ದೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂಬುದು ನಮ್ಮ ಹಿರಿಯರ ಕಾಲದಿಂದಲೂ ನಡೆದು ಬಂದದ್ದು. ಆದರೆ ಅದರಲ್ಲಿ ಎಳೆಯ ಮಗುವು ಪಟ್ಟ ಪಾಡನ್ನು ನಾವು ಮರೆತುಬಿಟ್ಟಿದ್ದೇವೆ. 1966ರಲ್ಲಿ ಒಂದನೆಯ ತರಗತಿಗೆ ಹೋದ ನಾನು ಗಣೇಶ ಚೌತಿಯವರೆಗೂ ಶಾಲೆಯಲ್ಲಿ ಒಂದು ಮಾತನ್ನೂ ಆಡಲಿಲ್ಲವಂತೆ. ಅಲ್ಲಿ ನನಗೆ ‘ಮೂಗ’ ಎಂಬ ಹೆಸರು ಬಿದ್ದಿತ್ತು. ಮನೆಯಲ್ಲಿ ನನ್ನ ಬಾಯಿ ಮುಚ್ಚಿಸುವುದೇ ತಾಯಿಗೆ ಕಷ್ಟವಾಗಿತ್ತು! ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಒದಗಿಸಬೇಕೆಂದು 1956ರಲ್ಲಿಯೇ ಸಂವಿಧಾನಕ್ಕೆ ವಿಧಿಯೊಂದನ್ನು ಸೇರಿಸಲಾಗಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಾದಲ್ಲೆಲ್ಲ ಮನೆಮಾತಿನಲ್ಲಿ ಕಲಿಕೆ ಎನ್ನುತ್ತದೆ. ಐದಾರು ಮನೆಮಾತುಗಳಿರುವ ಒಂದು ಜಗಲಿಯಲ್ಲಿ ಇದನ್ನು ಅಕ್ಷರಶಃ ಪಾಲಿಸುವುದು ಹೇಗೆಂದು ಯಾವ ನೀತಿಯೂ ತಿಳಿಸುವುದಿಲ್ಲ. ನಮ್ಮ ಶಿಕ್ಷಕಿಯು ಕಂಡುಕೊಂಡ ದಾರಿ ಸರಳವಾದದ್ದು. ‘ನೀರು’ ಎಂಬುದಕ್ಕೆ ಮಕ್ಕಳು ಯಾವ ಯಾವ ಮಾತು ಹೇಳುತ್ತಾರೋ ಅಷ್ಟನ್ನೂ ಎಲ್ಲರಿಂದಲೂ ಹೇಳಿಸುತ್ತಾಳೆ. ಆಮೇಲೆ ಕಿವಿ ಕೇಳಿಸದ ಮಗುವು ಕೈಸನ್ನೆಯಿಂದ ಅದನ್ನೇ ತೋರಿಸುತ್ತದೆ, ಎಲ್ಲರೂ ಆ ಸನ್ನೆಯನ್ನೂ ಮಾಡುತ್ತಾರೆ. ಈಗ ಬಾಯಾರಿಕೆಯಾದಾಗ ನಮ್ಮ ಬಾಲವಾಡಿಯ ಅರ್ಧಕ್ಕರ್ಧ ಮಕ್ಕಳು ಸನ್ನೆಯಲ್ಲಿಯೇ ನೀರು ಕೇಳುತ್ತಾರೆ.

ಇನ್ನು ಸಂದರ್ಶನದ ವಿಷಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೆಯ ಕಲಮು, ಶಾಲೆಗೆ ಸೇರಿಸಿಕೊಳ್ಳುವಾಗ ಮಗುವನ್ನಾಗಲಿ ತಂದೆತಾಯಿಗಳನ್ನಾಗಲಿ ಪರೀಕ್ಷಿಸಿ ಆರಿಸುವುದನ್ನು ನಿಷೇಧಿಸುತ್ತದೆ. ಆದರೆ ಅಲ್ಪಸಂಖ್ಯಾತರ ವಿದ್ಯಾಸಂಸ್ಥೆಗಳಿಗೆ ಆ ಕಾಯ್ದೆಯು ಅನ್ವಯಿಸುವುದಿಲ್ಲವೆಂದು 2014ರ ಮೇ 6ರಂದು ಸುಪ್ರೀಂ ಕೋರ್ಟು ತೀರ್ಪು ನೀಡಿತು. ಆ ತೀರ್ಪನ್ನು ಪುನಃ ಪರಿಶೀಲಿಸಬೇಕೆಂಬ ಮಾತು 2025ರಲ್ಲಿ ಅದೇ ನ್ಯಾಯಾಲಯದಲ್ಲಿ ಎದ್ದಿದೆಯೆಂಬುದು ಬೇರೆ. ನಮ್ಮ ಹಕ್ಕನ್ನು ಕಾಪಾಡಿಕೊಳ್ಳಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ರಕ್ಷಣೆಯನ್ನು ನಮ್ಮ ಪೂರ್ವಿಕರು ಬೇಡಿದ್ದು ಮೂರು ವರ್ಷದ ಮಗುವನ್ನು ಮಾತನಾಡಿಸಿ ನೋಡಿ ಹಿಂದಕ್ಕೆ ಕಳುಹಿಸುವುದಕ್ಕಾಗಿ ಅಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಹೊರಡಿಸಿದ ಕ್ರೈಸ್ತ ಶಿಕ್ಷಣವನ್ನು ಕುರಿತ ಘೋಷಣೆಯು, ಬಡವರು, ಕುಟುಂಬದ ಆಸರೆಯೂ ಪ್ರೀತಿಯೂ ಇಲ್ಲದವರು, ನಮ್ಮ ವಿಶ್ವಾಸಕ್ಕೆ ಹೊರತಾದವರು, ಇವರ ಅಗತ್ಯಗಳನ್ನು ನಮ್ಮ ಶಾಲೆಗಳು ವಿಶೇಷವಾಗಿ ಗಮನಿಸಬೇಕೆಂದು ಕೇಳಿಕೊಂಡಿದೆ. ಜಗಲಿಯಲ್ಲಿರುವ ಮಕ್ಕಳನ್ನು ಒಮ್ಮೆ ಎಣಿಸಿ ನೋಡಿದರೆ, ಆ ಘೋಷಣೆಯು ಹೆಸರಿಸಿದ ಮೂರು ಬಗೆಯವರೂ ಅಲ್ಲಿಯೇ ಕುಳಿತಿರುವುದು ಕಾಣುತ್ತದೆ.

ಸಲಹೆ ನೀಡಿದವರ ಒಂದು ಮಾತು ಮಾತ್ರ ಅಕ್ಷರಶಃ ನಿಜ. ಬಗೆಬಗೆಯ ಮಕ್ಕಳಿರುವಲ್ಲಿ ಒಬ್ಬಳೇ ಶಿಕ್ಷಕಿಗೆ ಸಾಧ್ಯವಾಗದು. ಕೋಸಬಾಡದಲ್ಲಿಯೂ ಬಾಲಸೇವಿಕೆಯರನ್ನು ತರಬೇತುಗೊಳಿಸಿಯೇ ಕಾರ್ಯ ಸಾಗಿಸಿದರು. ಈಗ ಇಲ್ಲಿ ಮೂವತ್ತೊಂದು ಮಕ್ಕಳಿಗೆ ಒಬ್ಬ ಶಿಕ್ಷಕಿ, ಒಬ್ಬ ಆಯಾ. ಇನ್ನೊಬ್ಬ ಶಿಕ್ಷಕಿ ಬೇಕು, ಅವಳಿಗೆ ಮರ್ಯಾದೆಯ ಸಂಬಳ ಬೇಕು. ಜಗಲಿಗೆ ಮಳೆಯ ಎರಚಲು ಬಡಿಯುತ್ತದೆ. ಒಳ್ಳೆಯ ಕೋಣೆಯೂ ಬೇಕು. ಇಂಗ್ಲಿಷ್ ಹಾಡುಗಳನ್ನೂ ಹೇಳಿಕೊಡಲಿ, ನನ್ನ ಅಡ್ಡಿಯಿಲ್ಲ.

ಶತಮಾನೋತ್ಸವ ನಿಧಿಯಿಂದ ಕಟ್ಟಬೇಕೆಂದಿರುವ ಕಟ್ಟಡದ ನಕ್ಷೆಯು ಗುರುಗಳ ನಿವಾಸದ ಕಚೇರಿಯಲ್ಲಿದೆ. ಯಾರು ಬೇಕಾದರೂ ಬಂದು ನೋಡಬಹುದು. ಅದರಲ್ಲಿ ಬಾಲವಾಡಿಯ ಕೋಣೆಗೆ ತಾಗಿಕೊಂಡು, ಅಡಿಗೆಮನೆಯ ಪಕ್ಕದಲ್ಲಿ, ಹತ್ತು ಅಡಿ ಅಗಲದ ಒಂದು ಚಿಕ್ಕ ಕೋಣೆಯನ್ನು ಪೆನ್ಸಿಲಿನಿಂದ ಗುರುತು ಹಾಕಿದ್ದೇನೆ. ಅದು ಉಗ್ರಾಣವೇ ಎಂದು ಇಂಜಿನಿಯರರು ಕೇಳಿದರು. ತೊಟ್ಟಿಲುಗಳಿಗೆ ಎಂದೆನು. ಪಾಲನಾ ಮಂಡಳಿಯ ಒಪ್ಪಿಗೆ ಇನ್ನೂ ಆಗಬೇಕಾಗಿದೆ.